ಸೀರೆ ಗಾರ್ಡು ಇರಲಿ ಬಿಡು

...ಬ್ಯಾಡ ಅಂದ್ನಲ್ಲೇ ಚೈತ್ರಾ! ಆ ದೊಡ್ಡ ಬ್ಯಾಗು ಹಿಂದಿನ ಸೀಟಿನ ಮೇಲೆ ಮಾತ್ರ ಕಟ್ಟಬ್ಯಾಡ. ಬೇಕಾದ್ರೆ ಟ್ಯಾಂಕಿನ ಮೇಲೆ ಕಟ್ಟು, ಹೆಡ್‌ಲೈಟಿಗೆ ನೇತು ಹಾಕು, ನಿನ್ನ ಬೆನ್ನಿಗೇ ಏರಿಸ್ಕೋ... ಹಿಂದಿನ ಸೀಟು ಖಾಲಿ ಇರಲಿ. ಯಾಕೆ? ಯಾಕೆ ಅಂದ್ರೆ... ಗಾಳಿ! ಹಿಂದೆ ಎತ್ತರಕ್ಕೆ ಕಟ್ಟಿದ್ರೆ ಗಾಳಿಗೆ ಗಾಡಿ ಎಳೀತೈತೆ. ಬೈಕಿನಾಗೆ ಕನ್ಯಾಕುಮಾರಿಗೆ ಹೋಗೋದು ಅಂದ್ರೆ ಏನು ಹೊನ್ನಾಳಿ ಅನ್ಕೊಂಡ್ಯಾ, ಬಸ್ಸಿನಾಗೆ ಒಂದು ನಿದ್ದೆ ತೆಗೆದ್ರೆ ಬಂತು ಅನ್ನಾಕೆ?

ನಗು, ನಗು. ಹೈಸ್ಕೂಲಿನಾಗೆ ಲೆಕ್ಕ ಹೇಳ್ಕೊಡೋ ಟೀಚರು ನೀನು, ಅತ್ತೆಗೇನು ಗೊತ್ತು ತೂಕದ ವಿಷಯ ಅಂತ ನಗು. ಗೊಬ್ಬರದ ಅಂಗಡಿ ಮನೆಯೋಳು ಕಣೆ ನಾನು. ತೂಕ ನನಗೆ ಕಲಿಸಬ್ಯಾಡ. ಈ ಎರಡು ಸೈಡ್ ಬ್ಯಾಗೂ ಅಂಗಡಿ ತಕ್ಕಡಿ ಮೇಲಿಟ್ಟು ನೋಡೀನಿ. ಬಲಗಡೆ ರೊಟ್ಟಿ ಡಬ್ಬಿ, ಶೇಂಗಾ ಚಟ್ನಿಪುಡಿ, ಪಂಚರಿನ ಸಾಮಾನು. ಎಡಗಡೆ ನಿನ್ನ ಬಟ್ಟೆ, ಮಳೆ ಬಂದ್ರೆ ಬ್ಯಾಗಿಗೆ ಹಾಕೋ ಕವರು. ಒಂದು ಕಡೆ ಭಾರ ಆದ್ರೆ ಗಾಡಿ ವಾಲ್ತೈತೆ...

ಏನು? ಎಡಗಡೇದು ಅರ್ಧ ಖಾಲಿ ಐತೆ ಅಂತೀಯಾ? ಇರಲಿ ಬಿಡೆ. ದಾರೀಲಿ ಏನಾದ್ರೂ ಕೊಳ್ತೀಯ, ಇಡಾಕೆ ಜಾಗ ಬೇಕಲ್ಲ. ಎಲ್ಲಾ ತುಂಬಿಸಿಬಿಟ್ರೆ ಹೆಂಗೆ? ಎರಡು ಸೀರೆ ಇಡೋವಷ್ಟು... ಎರಡು ಟವಲ್ಲು ಇಡೋವಷ್ಟು ಜಾಗ ಇರಬೇಕು ಅಂದೆ.

ಆ ಕಟ್ಟೆ ಮೇಲಿರೋ ಕವರಿನಾಗೆ ಏನೈತೆ? ರೈನ್ ಕೋಟಾ? ಸರಿ, ಅದು ಆಮೇಲೆ ನೋಡಾಣ.

ಬಾ, ಈ ಸೀಟು ಒಂದ್ಸಲ ಒತ್ತಿ ನೋಡು. ಒತ್ತೇ! ಹೆಂಗೈತೆ? ಬಸ್ ಸ್ಟ್ಯಾಂಡ್ ಹತ್ರ ಸೀಟು ಹೊಲೀತಾನಲ್ಲ ಇಸ್ರಾರು, ಅವನ ಹತ್ರ ಹೊಲಿಸಿದ್ದು. ಒಳಗೆ ಸ್ಪಂಜು ಎರಡು ಪದರ ಹಾಕ್ಸೀನಿ. ಒರಗಿಕೊಳ್ಳಾಕೆ ಹಿಂದೆ ಒಂದು ದಿಂಬು ಬೇರೆ... ಏನಂದೆ? ಮುಂದಿನ ಸೀಟಿಗೆ ಯಾಕೆ ಹಾಕ್ಸಿಲ್ಲ, ಹಿಂದಕ್ಕೆ ಮಾತ್ರ ಯಾಕೆ ಅಂತಾನಾ? ಅದು... ಸ್ಪಂಜು ಖಾಲಿ ಆಯ್ತು ಅಂದ ಅವನು. ನಾನೇನು ಮಾಡ್ಲಿ?

ಯಾಕೆ ಹಂಗೆ ನೋಡ್ತೀಯಾ? ಹೋಗಲಿ, ಆ ದಿಂಬು ಹಾಕ್ಸಿದ್ದು ಬ್ಯಾಗು ಒರಗಿಸಿ ಕಟ್ಟಾಕೆ... ಅಲ್ಲಲ್ಲ! ಕಟ್ಟಬ್ಯಾಡ! ಕಟ್ಟಬ್ಯಾಡ ಅಂತಾನೆ ಹೇಳ್ತಾ ಇರೋದು ನಾನು. ನೋಡು, ನನ್ನ ಮಾತಿಂದ ನನ್ನನ್ನೇ ಸಿಕ್ಕಿಸ್ತೀಯಾ. ಟೀಚರ್ ಬುದ್ಧಿ ಎಲ್ಲಿ ಹೋಗ್ತೈತೆ.

ಏ, ಏ! ಆ ಸ್ಪ್ಯಾನರು ಯಾಕೆ ತಗೊಂಡೆ? ಸೀರೆ ಗಾರ್ಡು ಬಿಚ್ಚಾಕಾ? ಮುಟ್ಟಬ್ಯಾಡ ಅದನ್ನ! ಅದು ಬಿಚ್ಚಿದ್ರೇನೇ ಸೈಡ್ ಬ್ಯಾಗಿನ ಕಂಬಿ ಸರಿಯಾಗಿ ಕೂರೋದು ಅಂತೀಯಾ... ಕೂರದಿದ್ರೆ ಬಿಡು, ಸ್ವಲ್ಪ ಸೊಟ್ಟ ಕೂತ್ಕೊಳ್ಳಲಿ. ಹಿಂದೆ ಕುಂತೋಳ ಸೆರಗು ಚಕ್ರಕ್ಕೆ ಸಿಕ್ಕಿದ್ರೆ ಏನು ಗತಿ?

ಸೆರಗು ಯಾರದು ಅಂದ್ರೆ... ಯಾರದೂ ಅಲ್ಲ. ನೀನು ಪ್ಯಾಂಟಿನೋಳು, ಗೊತ್ತು. ಆದ್ರೆ ದಾರೀಲಿ ಯಾರಾದ್ರೂ ಹೆಣ್ಮಗಳು ಕೈ ಅಡ್ಡ ಹಾಕಿ, ಅಕ್ಕಾ ಸ್ವಲ್ಪ ಮುಂದಕ್ಕೆ ಬಿಡ್ತೀರಾ ಅಂದ್ರೆ? ಹತ್ತಿಸ್ಕೊಳ್ಳಲ್ವಾ? ತಮಿಳುನಾಡಿನಾಗೂ ಸೀರೆ ಉಡ್ತಾರೆ ಕಣೆ! ನಗಬ್ಯಾಡ. ಸ್ಪ್ಯಾನರು ಕೆಳಗಿಡು. ಹ್ಞಾಂ, ಹಂಗೆ.

ಅದಿರಲಿ, ನಿನ್ನ ಜೊತೆ ಹೊರಟಾಳಲ್ಲ ಹೊನ್ನಾಳಿ ನುಜಹತ್ತು, ಅವಳ ಗಾಡಿ ಹಿಂದೆ ಯಾರು ಕೂರ್ತಾರೆ? ಅವರಮ್ಮ ಏನಾದ್ರೂ... ಇಲ್ವಾ. ಅವಳದೂ ಬರೀ ಬ್ಯಾಗೇನಾ. ಇಲ್ಲಪ್ಪ, ಸುಮ್ನೆ ಕೇಳಿದೆ. ಕೇಳಬಾರದಾ?

ಮೊನ್ನೆ ಮಧ್ಯಾಹ್ನ? ಯಾರು ಹೇಳಿದ್ರು ನಿನಗೆ? ಎದುರು ಮನೆ ಪ್ರೇಮಲತಾನಾ? ಆಕೆಗೆ ಕಿಟಕೀಲಿ ಕೂರೋದು ಬಿಟ್ರೆ ಬೇರೆ ಕೆಲಸ ಇಲ್ಲ! ಗಾಡಿ ಮೇಲೆ ಕುಂತಿದ್ದೆ ನಿಜ. ಧೂಳು ಒರೆಸ್ತಿದ್ದೆ. ಹತ್ತಿ ಕುಂತ್ರೇನೇ ಅಲ್ವಾ ಆ ಕಡೆ ಧೂಳು ಕಾಣೋದು? ಕಣ್ಣು ಮುಚ್ಚಿದ್ನಂತಾ? ಧೂಳು ಬಿತ್ತು, ಮುಚ್ಚಿದೆ. ಒಂದು ಸ್ವಲ್ಪ ಹೊತ್ತು.

ಬ್ಯಾಗಿನ ಮೇಲೆ ನನಗೆ ಏನು ಸಿಟ್ಟು? ಸಿಟ್ಟೇನೂ ಇಲ್ಲಮ್ಮ. ಬ್ಯಾಗು, ಮೂಟೆ ಇವನ್ನೆಲ್ಲ ಹಿಂದಿನ ಸೀಟಿನ ಮೇಲೆ ನೋಡಿ ನೋಡಿ ಸಾಕಾಗೈತೆ, ಅಷ್ಟೇ. ನಿಮ್ಮ ಮಾವನೋರು ಬಂಗಾರದಂಥ ಮನುಷ್ಯ. ಇದ್ದಷ್ಟು ದಿನ ನನಗೆ ಒಮ್ಮೆಯೂ ಗದರಿದೋರಲ್ಲ. ಆದ್ರೆ ಅವರ ಗಾಡಿ ಹಿಂದಿನ ಸೀಟು ಐತಲ್ಲ... ಒಂದು ದಿನ ಹಿಂಡಿ ಮೂಟೆ, ಒಂದು ದಿನ ಯೂರಿಯಾ, ಒಂದು ದಿನ ಯಾರದೋ ಮನೆ ಪಂಪ್‌ಸೆಟ್ಟು. ಚನ್ನಗಿರೀಲಿ ನಮ್ಮ ನಾದಿನಿ ಮದುವೆ. ನಾನು ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು, ಆವತ್ತಾದ್ರೂ ಗಾಡೀಲಿ ಹೋಗ್ತೀನಿ ಅಂತ ಹೊರಗೆ ಬಂದ್ರೆ, ಬೆಲ್ಲದ ಮೂಟೆ ಆಗ್ಲೇ ಹತ್ತಿ ಕುಂತೈತೆ! 'ಕಸ್ತೂರಿ, ನೀನು ಬಸ್ಸಿಗೆ ಬಂದ್ಬಿಡು' ಅಂದ್ರು. ನಿನ್ನ ಗಂಡ ಸತೀಶ ಆಗ ಕೂಸು, ಅವನ್ನ ಎತ್ಕೊಂಡು ಬಸ್ಸಿನಾಗೆ ನಿಂತ್ಕೊಂಡೇ ಹೋದೆ ಕಣೆ. ನಾನು ಛತ್ರ ಮುಟ್ಟೋ ಹೊತ್ತಿಗೆ ಆ ಮೂಟೆ ಫ್ಯಾನಿನ ಕೆಳಗೆ ತಣ್ಣಗೆ ಕುಂತಿತ್ತು!

ನಗು, ನನಗೂ ಈಗ ನಗು ಬರ್ತೈತೆ. ಆವತ್ತು ಬರಲಿಲ್ಲ.

ಹೋಗಲಿ ಬಿಡು. ನೀನು ಆರಾಮಾಗಿ ಹೋಗಿ ಬಾ. ನಿನ್ನ ಗಂಡನ ಊಟದ ಚಿಂತೆ ಏನೂ ಮಾಡಬ್ಯಾಡ. ಅವನಂತೂ ಗಾಡಿ ಕಡೆ ತಲೆ ಹಾಕಲ್ಲ, ತಿರುವಿನಾಗೆ ತಲೆ ತಿರುಗ್ತೈತೆ ಅವನಿಗೆ. ನಮ್ಮಕ್ಕ ತಿಪ್ಪಮ್ಮಂಗೆ ಫೋನ್ ಮಾಡೀನಿ. ಜಗಳೂರಿಂದ ಬಂದು ಇರ್ತಾಳೆ. ನಾಷ್ಟ, ಊಟ ಎಲ್ಲ ಅವಳೇ ನೋಡ್ಕೊಳ್ತಾಳೆ. ಎಮ್ಮೆ ಹಾಲು ಕರೆಯೋದೂ ಅವಳೇ. ಬಾಗಿಲ ಬೀಗದ ಕೈ ಎಲ್ಲಿ ಇಡ್ತೀನಿ ಅಂತಾನೂ ಹೇಳೀನಿ...

ಯಾಕೆ ಹಗ್ಗ ಕೆಳಗಿಟ್ಟು ನನ್ನ ಕಡೆ ತಿರುಗಿದೆ?

ಚೈತ್ರಾ... ನಗ್ತಿದ್ಯಲ್ಲ, ನಗು. ಈಗ ಯಾಕೆ ನಗಲ್ಲ?

...ಹ್ಞೂಂ. ನಾನು ಮನೇಲಿದ್ರೆ ತಿಪ್ಪಮ್ಮ ಯಾಕೆ ಬರಬೇಕು. ನೀನು ಕೇಳಲಿಲ್ಲ, ನಾನೇ ಕೇಳ್ಕೊಂಡೆ.

ಬರಬೇಕು ಅಂತ ಆಸೆ ಐತೆ ಕಣೆ. ಕನ್ಯಾಕುಮಾರಿಗಲ್ಲ, ಅಲ್ಲಿ ಏನೈತೋ ನನಗೆ ಗೊತ್ತಿಲ್ಲ. ಗಾಡಿ ಹಿಂದೆ ಕುಂತು ದೂರ ಹೋಗ್ಬೇಕು, ಅಷ್ಟೇ. ಬಾಯಿ ಬಿಟ್ಟು ಯಾಕೆ ಕೇಳಲಿಲ್ಲ ಅಂತ ನೋಡ್ತೀಯಾ? ಅತ್ತೆ ಕೇಳಿದ್ರೆ ಸೊಸೆ ಒಲ್ಲೆ ಅನ್ನಾಕೆ ಆಗ್ತೈತಾ? ಮನಸ್ಸಿಲ್ಲದಿದ್ರೂ ಹ್ಞೂಂ ಅಂತೀಯಾ. ಹಂಗೆ ಬರೋದು ನನಗೆ ಬ್ಯಾಡ. ನೀನಾಗೇ ಕರೀತೀಯೇನೋ ಅಂತ ಕಾದೆ. ಸೀಟು ಮೆತ್ತಗೆ ಮಾಡಿಸಿದ್ರಾದ್ರೂ ನೆನಪಾಗ್ತೈತೇನೋ ಅಂತ... ಹುಚ್ಚು ನಂದು.

ಎಲ್ಲಿಗೆ ಎದ್ದೆ? ...ಓ. ಸ್ಪ್ಯಾನರಾ.

ಸರಿ. ಬಿಚ್ಚು. ಸೀರೆ ಗಾರ್ಡು ಬಿಚ್ತಿದ್ದೀಯಾ ಅಂದ್ರೆ ಅರ್ಥ ಆಯ್ತು ಬಿಡು. ನೀನೇನೂ ಹೇಳೋದು ಬ್ಯಾಡ. ವಯಸ್ಸಾದೋಳನ್ನ ಕಟ್ಕೊಂಡು ಅಷ್ಟು ದೂರ ಯಾರು ಹೋಗ್ತಾರೆ? ನಾನಾಗಿದ್ರೂ ಹಿಂಗೇ ಮಾಡ್ತಿದ್ದೆ... ಆ ದೊಡ್ಡ ಬ್ಯಾಗು ಕೊಡು ಇತ್ಲಾಗೆ, ನಾನೇ ಹಿಂದೆ ಬಿಗಿಯಾಗಿ ಕಟ್ಟಿಕೊಡ್ತೀನಿ. ಮೂಟೆ ಕಟ್ಟೋದು ನನಗೆ ಚೆನ್ನಾಗಿ ಬರ್ತೈತೆ.

ಬ್ಯಾಗು ಯಾಕೆ ಕಿತ್ಕೊಳ್ತೀಯಾ? ಏನು, ಕಟ್ಟೆ ಮೇಲಿದ್ದ ಆ ಕವರಾ? ರೈನ್ ಕೋಟು ಅಂದ್ಯಲ್ಲ, ನಾನ್ಯಾಕೆ ನೋಡಬೇಕು? ...ಕೊಡು, ಕೊಡು, ತೆಗೀತೀನಿ. ಕಣ್ಣಿನಾಗೇ ಹೇಳ್ತಾಳೆ ಎಲ್ಲಾನೂ.

ಇದು... ರೈನ್ ಕೋಟಲ್ಲ ಇದು. ಪ್ಯಾಂಟು. ಇಷ್ಟು ದೊಡ್ಡ ಸೊಂಟ, ನಿನ್ನಂಥೋರು ಇಬ್ಬರು ಹಿಡಿಸ್ತಾರೆ ಇದ್ರಾಗೆ. ಮಂಡಿಗೆ ಸ್ಪಂಜು ಬೇರೆ... ಮಂಡಿ ನೋವು ಇರೋದು ನನಗಲ್ವೇನೇ ಈ ಮನೇಲಿ?

ತಡಿ. ಹೋದ ವಾರ ಒಣಗಾಕಿದ್ದ ನನ್ನ ಲಂಗ ಒಂದು ಕಾಣೆ ಆಗಿ ಮರುದಿನ ಸಿಕ್ತಲ್ಲ... ಅಳತೆಗೆ ತಗೊಂಡು ಹೋಗಿದ್ದು ನೀನಾ! ಕಳ್ಳಿ! ಅದಕ್ಕೇನಾ ಸೀರೆ ಗಾರ್ಡು ಬ್ಯಾಡ ಬ್ಯಾಡ ಅಂತಿದ್ದು? ಮೊದಲೇ ಎಲ್ಲಾ ಗೊತ್ತಿದ್ದೂ, ನನ್ನ ಬಾಯಿಂದಾನೇ ಬರಲಿ ಅಂತ ಕುಂತಿದ್ಯಾ?

ಅಳೋದೇನು, ಅಳ್ತಿಲ್ಲ. ಧೂಳು.

ಅಲ್ಲಾ, ಇದನ್ನ ಹಾಕ್ಕೊಂಡು ನಾನು ನ್ಯಾಮತಿ ಬಸ್ ಸ್ಟ್ಯಾಂಡಿನ ಮುಂದೆ ಹೆಂಗೆ ಹೋಗ್ಲಿ? ಪ್ರೇಮಲತಾ ಕಿಟಕಿಯಿಂದ ಹೊರಗೆ ಬಿದ್ದೇ ಹೋಗ್ತಾಳೆ!... ಬೀಳಲಿ. ಇದಕ್ಕೆ ಲಾಡಿ ಎಲ್ಲೈತೆ? ಲಾಡಿ ಇಲ್ವಾ? ಮತ್ತೆ ಹೆಂಗೆ ನಿಲ್ತೈತೆ?

ನಗಬ್ಯಾಡ್ವೇ. ಬಾ ಒಳಗೆ, ಆ ಬಾಗಿಲು ಹಾಕು. ಸತೀಶ ಬರೋದ್ರೊಳಗೆ ಒಂದ್ಸಲ ಹಾಕ್ಕೊಂಡು ನೋಡ್ತೀನಿ.