ಲೈಬರ್ ಹುಲ್ಲುಗಾವಲಿನಿಂದ ಒಂದು ಕರೆ

"ಹಲೋ... ಕಾಲ್ಡರ್ ತುರ್ತು ಸೇವೆ. ಯಾರು ಮಾತಾಡ್ತಿರೋದು?... ಯಾರು? ಡೆಸ್ಮಂಡ್? ಸ್ವಲ್ಪ ನಿಧಾನ ಸಾರ್, ಗಾಳಿ ಸದ್ದಿಗೆ ಏನೂ ಕೇಳಿಸ್ತಿಲ್ಲ. ಫೋನಿಗೆ ಕೈ ಅಡ್ಡ ಹಿಡ್ಕೊಂಡು ಮಾತಾಡಿ."

…

"ಹಾಂ, ಹೊಗೆ. ಎಷ್ಟು ದೂರ?... ಹೊಗೆ ಅಲ್ಲ ಸಾರ್, ಬೆಂಕಿ. ಬೆಂಕಿ ಕಣ್ಣಿಗೆ ಕಾಣ್ತಿದೆಯಾ?... ಕಾಣ್ತಿದೆ. ಸರಿ. ನೀವೆಲ್ಲಿದೀರಿ ಹೇಳಿ."

…

"ಸರ್ಕಾರದ ಜಾಗ ಅಂದ್ರೆ ಯಾವುದು ಅಂತ ತಿಳ್ಕೊಳ್ಳಲಿ? ಈ ಜಿಲ್ಲೇಲಿ ಅರ್ಧ ಸರ್ಕಾರದ್ದೇ. ಗೇಟ್ ಹತ್ರ ಬೋರ್ಡ್ ಇತ್ತಲ್ಲ?... ಬಿದ್ದುಹೋಗಿತ್ತಾ. ಅದರ ಮೇಲೆ ಏನಾದ್ರೂ ಚಿತ್ರ?... ಬಯಲುಕೋಳಿ ಚಿತ್ರ. ಕಬ್ಬಿಣದ ಗೇಟ್, ಬೀಗ ಹಾಕಿತ್ತು, ಪಕ್ಕದಲ್ಲಿ ನುಸುಳಿ ನಡ್ಕೊಂಡು ಒಳಗೆ ಹೋದ್ರಿ. ಹಾಂ... ಹಾಂ. ಗೊತ್ತಾಯ್ತು."

ಕರೆ ತೆಗೆದುಕೊಂಡ ವೆಲ್ಡಾ ಲೈಬರ್‌ಗೆ ಗೊತ್ತಾಗದೆ ಇರುತ್ತದೆಯೇ? ಆ ಗೇಟು ನಿಲ್ಲಿಸಿದವನು ಅವಳ ಅಪ್ಪ. ಹನ್ನೊಂದು ಸಾವಿರ ಎಕರೆ ಹುಲ್ಲುಗಾವಲು ಆರು ವರ್ಷದ ಹಿಂದಿನವರೆಗೂ ಲೈಬರ್ ಮನೆತನದ್ದಾಗಿತ್ತು. ಹುಲ್ಲಿನಲ್ಲೇ ಗೂಡು ಕಟ್ಟುವ ಬಯಲುಕೋಳಿ ಹಕ್ಕಿಗೆ ನೆಲೆಯಾಗಲಿ, ಜನಕ್ಕೆ ಓಡಾಡಲು ಜಾಗವಾಗಲಿ ಎಂದು ರಾಜ್ಯ ಸರ್ಕಾರ ಒಳ್ಳೆಯ ಬೆಲೆಗೇ ಕೊಂಡಿತು. ಅಣ್ಣ ಆರ್ಲೋ ಸಹಿ ಹಾಕಿದ, ಅದರ ಕೆಳಗೆ ಅವಳೂ ಹಾಕಿದಳು. ಕೊಳ್ಳುವುದಕ್ಕಿದ್ದ ದುಡ್ಡು ನೋಡಿಕೊಳ್ಳುವುದಕ್ಕೆ ಇರಲಿಲ್ಲ. ಮೂರು ಜಿಲ್ಲೆಗೆ ಸೇರಿ ಒಬ್ಬನೇ ಕಾವಲುಗಾರ. ದನಗಳು ಹೋದ ಮೇಲೆ ಹುಲ್ಲು ಸೊಂಟದೆತ್ತರ ಬೆಳೆದು ಒಣಗಿತು, ಒಣಗಿದ್ದರ ಮೇಲೆ ಮತ್ತೆ ಬೆಳೆಯಿತು. ಬೆಂಕಿಗೆ ತಡೆಯೆಂದು ಅಪ್ಪ ಪ್ರತಿ ಜೂನ್‌ನಲ್ಲಿ ಸುತ್ತಲೂ ಉತ್ತು ಬಿಡುತ್ತಿದ್ದ ಪಟ್ಟಿಯನ್ನು ಯಾರೂ ಉಳಲಿಲ್ಲ. ಮಾರಿದ ಮೇಲೆ ವೆಲ್ಡಾ ಆ ಕಡೆ ಕಾಲಿಟ್ಟಿರಲಿಲ್ಲ; ಮಾರೋಣ ಎಂದ ಅಣ್ಣನ ಮೇಲಿನ ಸಿಟ್ಟೂ ಇಳಿದಿರಲಿಲ್ಲ. ಈ ಆಗಸ್ಟ್ ಮಧ್ಯಾಹ್ನ ಮೇಜಿನ ಮುಂದೆ ಅವಳೊಬ್ಬಳೇ ಇದ್ದಳು.

"ಫೋನ್ ಇಡಬೇಡಿ, ಒಂದೇ ನಿಮಿಷ."

ಇನ್ನೊಂದು ಕೈಯಲ್ಲಿ ಅವಳು ವೈರ್‌ಲೆಸ್ ಎತ್ತಿದಳು. ಊರಿನ ಬೆಂಕಿ ಆರಿಸುವ ಲಾರಿಗಳೆರಡರಲ್ಲಿ ಒಂದು ನದಿಯಾಚೆ ಹೋಗಿತ್ತು. ಇನ್ನೊಂದನ್ನು ಓಡಿಸುವವನು ಆರ್ಲೋ.

"ಆರ್ಲೋ, ನಮ್ಮ ತೆಂಕಣ ಗೇಟು. ಹುಲ್ಲಿಗೆ ಬೆಂಕಿ ಬಿದ್ದಿದೆ, ಒಳಗೆ ಜನ ಇದಾರೆ... ಕೀಲಿ ಯಾರ ಹತ್ರ ಅಂತ ನನ್ನ ಕೇಳ್ತೀಯಾ? ಕಾವಲುಗಾರ ಎಪ್ಪತ್ತು ಮೈಲಿ ಆಚೆ ಇದಾನೆ. ಲಾರೀಲೇ ಗುದ್ದಿ ಮುರಿ."

…

"ಹಾಂ, ಬಂದೆ. ಎಷ್ಟು ಜನ ಇದೀರಿ?... ನೀವು, ನಿಮ್ಮ ಅತ್ತೆ. ಹೆಂಡ್ತಿ ತಾಯಿ. ವಯಸ್ಸು?... ಎಪ್ಪತ್ನಾಲ್ಕು. ನಡೀತಾರಾ?... ಮಂಡಿ ನೋವು. ಸರಿ. ಕಾರ್ ಎಲ್ಲಿ?... ಬೆಂಕಿ ಆಚೆ. ಅದನ್ನ ಮರೆತುಬಿಡಿ ಡೆಸ್ಮಂಡ್. ಕಾರಿನ ಕಡೆ ಒಂದು ಹೆಜ್ಜೇನೂ ಇಡಬೇಡಿ. ಕೇಳಿಸ್ತಾ?"

…

"ಸುತ್ತ ನೋಡಿ. ಹುಲ್ಲು ಬಿಟ್ಟು ಬೇರೆ ಏನಿದೆ?... ಏನೂ ಇಲ್ಲ ಅನ್ನಬೇಡಿ, ಮತ್ತೆ ನೋಡಿ. ಕಂಬ? ಮರ?... ಗಾಳಿಯಂತ್ರ! ರೆಕ್ಕೆ ಇದೆಯಾ?... ಎರಡೇ ಉಳಿದಿದೆ. ಸಾಕು. ಅದು ನಿಮ್ಮ ಬಲಕ್ಕೋ ಎಡಕ್ಕೋ?... ಗಾಳಿ ಬೆನ್ನಿಗೆ ಹೊಡೀತಿದೆ, ಅದು ಎಡಕ್ಕೆ. ಸರಿ. ಅಲ್ಲಿಂದ ತಂತಿ ಬೇಲಿ ಹೊರಡುತ್ತೆ. ಬೇಲಿ ಹಿಡ್ಕೊಂಡು ಇಳೀರಿ. ನಾನೂರು ಹೆಜ್ಜೆ. ಕೆಳಗೆ ದನ ನೀರು ಕುಡಿಯೋ ಹೊಂಡ ಇದೆ, ಎದೆಮಟ್ಟ ನೀರು. ಇಬ್ಬರೂ ಅದರೊಳಗೆ ಇಳೀಬೇಕು."

…

"ಯಾಕೆ ನಿಂತ್ರಿ?... ಅತ್ತೆ ಏನು ಬಿಟ್ಟು ಬರಲ್ಲ ಅಂತಾರೆ?... ಹಕ್ಕಿ ನೋಡೋ ದುರ್ಬೀನು, ಅದರ ಮೂರುಕಾಲಿನ ಸ್ಟ್ಯಾಂಡು. ಫೋನ್ ಅವರಿಗೆ ಕೊಡಿ. ಕೊಡಿ ಅಂದೆ."

…

"ಮೇಡಂ, ನಿಮ್ಮ ಹೆಸರು?... ಕೊರಿನ್. ಕೊರಿನ್ ಮೇಡಂ, ನಾನು ವೆಲ್ಡಾ. ನಂಗೂ ಅರವತ್ತು ದಾಟಿದೆ, ನಂದೂ ಮಂಡಿ ಹೋಗಿದೆ... ಹಾಂ, ನಿಮ್ಮ ಯಜಮಾನ್ರು ಕೊಡಿಸಿದ್ದಾ. ಇರಲಿ. ಅದನ್ನ ಕೆಳಗಿಡಿ, ಅಳಿಯನ ತೋಳು ಹಿಡೀರಿ. ಬೈಯ್ಯೋದಿದ್ರೆ ನಡೀತಾ ನನ್ನ ಬೈರಿ, ನಾನು ಕೇಳಿಸ್ಕೋತೀನಿ."

ಆಮೇಲೆ ಅವಳಿಗೆ ಕೇಳಿಸಿದ್ದು ಉಸಿರು, ಒಣಹುಲ್ಲಿನ ಚರಪರ, ಮುದುಕಿಯ ನರಳಾಟ. ಅದೆಲ್ಲದರ ಹಿಂದೆ ಇನ್ನೊಂದು ಸದ್ದಿತ್ತು, ದೂರದಲ್ಲಿ ರೈಲು ಬರುತ್ತಿರುವಂತೆ. ಆ ಕಡೆ ರೈಲಿಲ್ಲ.

"ಮಾತಾಡ್ತಾ ಇರಿ ಡೆಸ್ಮಂಡ್. ಬೇಲಿ ಸಿಕ್ತಾ?... ಹಾಂ. ಇಳೀರಿ... ಯಾಕೆ ಹಿಂಗೆ ಹುಲ್ಲು ಬಿಟ್ಟಿದಾರೆ ಅಂತ ಈಗ ಕೇಳಿದ್ರೆ ಏನು ಹೇಳ್ಲಿ? ಮಾರಿದ್ದು ನಾವೇ. ನನ್ನ ಸಹೀನೂ ಇದೆ ಅದರಲ್ಲಿ. ಆಮೇಲೆ ಬಂದು ಕೇಳಿ, ಎದುರಿಗೆ ನಿಂತು ಕೇಳಿ. ಈಗ ಇಳೀರಿ."

…

"ಬಂದ್ರಾ? ನೀರಿಗಿಳೀರಿ. ಅತ್ತೇನ ಮೊದಲು... ಏನು?... ಏನಂದ್ರಿ?"

…

"ನೀರಿಲ್ಲ ಅಂದ್ರೆ? ಬುಗ್ಗೆಯಿಂದ ಪೈಪ್ ಬರುತ್ತಲ್ಲ, ದಡದಲ್ಲಿ, ಮಣ್ಣಿನ ಪೈಪು... ಒಡೆದಿದೆ. ಅದಕ್ಕೆ ಚೀಟಿ ಕಟ್ಟಿದಾರಾ? ಓದಿ... 'ದುರಸ್ತಿ ಬಾಕಿ. ಅನುದಾನ ಬಂದ ನಂತರ.' ಯಾವ ವರ್ಷ ಹಾಕಿದಾರೆ?"

…

ಎರಡು ವರ್ಷದ ಹಿಂದಿನ ತಾರೀಖು. ಇಬ್ಬರನ್ನು ಬೆಂಕಿಯ ದಾರಿಗೇ ಇಳಿಸಿ ನಿಲ್ಲಿಸಿದ್ದು ವೆಲ್ಡಾಳೇ. ಮೇಲೆ ಹತ್ತಲು ಈಗ ಹೊತ್ತಿಲ್ಲ. ಅವಳು ಕಣ್ಣು ಮುಚ್ಚಿ ಆ ಹೊಂಡವನ್ನು ನೆನೆದಳು. ನಲವತ್ತು ವರ್ಷ ದನಗಳು ತುಳಿದು ಗಟ್ಟಿಯಾದ ನೆಲ, ಬೂದಿಬಣ್ಣದ ಜೇಡಿ.

"ಡೆಸ್ಮಂಡ್, ಹೊಂಡದ ತಳ ನೋಡಿ. ಅಲ್ಲಿ ಹುಲ್ಲಿದೆಯಾ?... ದಡದಲ್ಲಿ ಬಿಡಿ. ನಡುವೆ? ಬರೀ ನಡುವೆ ಹೇಳಿ."

…

"ಬಿರುಕು ಬಿಟ್ಟ ಮಣ್ಣು. ಬರೀ ಮಣ್ಣು. ಒಂದು ಗರಿಕೇನೂ ಇಲ್ವಾ?... ಸುಡೋಕೆ ಏನೂ ಇಲ್ಲದ ಜಾಗ ಈಗ ಅದೊಂದೇ. ನಡುವಿಗೆ ಹೋಗಿ. ನೈಲಾನ್ ಜಾಕೆಟ್ ಇದ್ರೆ ಬಿಚ್ಚಿ ದೂರ ಎಸೀರಿ, ಮೈಗೆ ಅಂಟಿಕೊಂಡು ಉರಿಯುತ್ತೆ. ಹತ್ತಿ ಬಟ್ಟೆ ಏನಿದೆ?... ಅವರ ಶಾಲು. ಬಾಟ್ಲಿ ನೀರು ಅದಕ್ಕೆ ಸುರೀರಿ. ಕುಡೀಬೇಡಿ, ಸುರೀರಿ. ಬೋರಲು ಮಲಗಿ. ಬಿರುಕಿನೊಳಗೆ ಮೂಗು ಇಟ್ಟು ಉಸಿರಾಡಿ. ಅತ್ತೆ ಮೇಲೆ ನೀವು, ನಿಮ್ಮ ತಲೆ ಮೇಲೆ ಶಾಲು."

…

"ಏಳಬೇಡಿ. ಏನೇ ಆದ್ರೂ ಏಳಬೇಡಿ. ಕಿರುಚಬೇಕು ಅನ್ಸಿದ್ರೆ ನೆಲಕ್ಕೆ ಬಾಯಿಟ್ಟು ಕಿರುಚಿ. ಫೋನ್ ಎದೆ ಕೆಳಗಿಡಿ. ನಾನು ಇಲ್ಲೇ ಇದೀನಿ... ಇಲ್ಲೇ ಇದೀನಿ."

…

…

ಆ ಸದ್ದು ಫೋನಿನಿಂದ ಹೊರಬಂದು ಕೋಣೆ ತುಂಬಿತು. ವೆಲ್ಡಾ ಗೋಡೆ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು. ಒಂದು ನಿಮಿಷ. ಒಂದೂವರೆ. ಆಮೇಲೆ ಸದ್ದು ತೆಳುವಾಯಿತು. ಯಾರೋ ಕೆಮ್ಮಿದರು.

"ಡೆಸ್ಮಂಡ್?... ಡೆಸ್ಮಂಡ್! ಉಸಿರಾಡ್ತಿದೀರಾ?... ಅತ್ತೆ?... ಇಬ್ಬರೂ. ಅಯ್ಯೋ ದೇವರೇ, ಇಬ್ಬರೂ. ಎಲ್ಲಿ ಸುಟ್ಟಿದೆ?... ಬೆನ್ನು, ಕಿವಿ. ಉಜ್ಜಬೇಡಿ. ಏನಂತಿದಾರೆ ಅವರು?... ನನ್ನ ಬೈತಿದಾರಾ? ಬೈಲಿ, ಬೈಲಿ, ಚೆನ್ನಾಗಿ ಬೈಲಿ."

ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ವೈರ್‌ಲೆಸ್‌ನಲ್ಲಿ ಆರ್ಲೋ ಬೀಗ ಮುರಿದೆ, ಒಳಗೆ ಬರುತ್ತಿದ್ದೇನೆ ಎಂದ.

"ನಮ್ಮಣ್ಣ ಬರ್ತಿದಾನೆ, ಲಾರಿ ತಗೊಂಡು. ಕಪ್ಪಗಾದ ನೆಲ ಬಿಟ್ಟು ಆಚೆ ಹೋಗಬೇಡಿ. ಈಗ ಕತ್ತೆತ್ತಿ ನೋಡಿ, ಬೆಂಕಿ ಯಾವ ಕಡೆ ಹೋಯ್ತು?... ಸೂರ್ಯನ ಕಡೆಗಾ, ಸೂರ್ಯನ್ನ ಬೆನ್ನಿಗೆ ಬಿಟ್ಟಾ?... ಬೆನ್ನಿಗೆ ಬಿಟ್ಟು. ಪೂರ್ವಕ್ಕೆ. ಎಷ್ಟು ಅಗಲ?... ಕಣ್ಣು ಹಾಯಿಸಿದಷ್ಟು. ಅದರ ಮುಂದೆ ಏನು ಕಾಣುತ್ತೆ?"

…

"ಬಿಳೀ ನೀರಿನ ತೊಟ್ಟಿ. ಕಂಬದ ಮೇಲೆ. ಸರಿಯಾಗಿ ನೋಡಿದ್ರಾ?"

…

ವೆಲ್ಡಾ ಪಡುವಣ ಕಿಟಕಿಯ ಕಡೆ ತಿರುಗಿದಳು. ಮೇಜಿನ ಮೇಲಿನ ಬಿಸಿಲು ಯಾವಾಗಲೋ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬೀದಿಯಲ್ಲಿ ಒಬ್ಬ ಹೆಂಗಸು ಗಿಡಕ್ಕೆ ನೀರು ಬಿಡುವುದನ್ನು ನಿಲ್ಲಿಸಿ ಆಕಾಶ ನೋಡುತ್ತಿದ್ದಳು. ಊರಿಗೂ ಆ ಹುಲ್ಲಿಗೂ ನಡುವೆ ಇರುವುದು ಒಂದು ರಸ್ತೆ ಮಾತ್ರ.

"ಆ ತೊಟ್ಟಿ ನಮ್ಮೂರಿಂದು ಡೆಸ್ಮಂಡ್. ನಾನು ಅದರ ಬುಡದಲ್ಲೇ ಕೂತಿದೀನಿ."

…

"ಇಲ್ಲ, ಲಾರಿ ನಿಮ್ಮ ಕಡೆ ಬಂದಿದ್ದು ನಿಮ್ಮ ತಪ್ಪಲ್ಲ. ಯಾಕೆ ಹಂಗಂತೀರಿ? ನೀವು ಫೋನ್ ಮಾಡದೆ ಇದ್ದಿದ್ರೆ ಇದೂ ಗೊತ್ತಾಗ್ತಿರಲಿಲ್ಲ. ಈಗ ಸೈರನ್ ಒತ್ತುತ್ತೀನಿ, ನಿಮಗೂ ಕೇಳಿಸಬಹುದು. ಹೆದರಬೇಡಿ, ಅದು ನಿಮಗಲ್ಲ."

ಅವಳು ಕೆಂಪು ಗುಂಡಿ ಒತ್ತಿದಳು. ತಲೆಯ ಮೇಲೆ ಸೈರನ್ ಕೂಗತೊಡಗಿತು.

"ಕೇಳಿಸ್ತಾ?... ಆರ್ಲೋ ನಿಮ್ಮ ಹತ್ರ ಬಂದ ಕೂಡ್ಲೆ ಅವನಿಗೆ ಹೇಳಿ, ನಿಮ್ಮನ್ನ ತೆಂಕಣ ರಸ್ತೇಲೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಊರಿಗೆ ವಾಪಸ್ ಬರ್ತೀನಿ ಅಂತಾನೆ, ಬಿಡಬೇಡಿ. ವೈರ್‌ಲೆಸ್‌ನಲ್ಲಿ ನಾನು ಹೇಳಿದ್ರೆ ಆಫ್ ಮಾಡ್ತಾನೆ, ಅವನ ಬುದ್ಧಿ ಅದು. ನೀವು ಎದುರಿಗೆ ನಿಂತು ಹೇಳಿ. ನಾನು ಎಲ್ಲರನ್ನೂ ಹೊರಡಿಸಿ ಆಮೇಲೆ ಹೊರಡ್ತೀನಿ ಅಂತ ಹೇಳಿ. ಹೇಳ್ತೀರಲ್ವಾ?... ಹಲೋ? ಲೈನ್ ಕಡಿದು ಹೋಗ್ತಿದೆ. ಹೇಳ್ತೀರಲ್ವಾ ಡೆಸ್ಮಂಡ್? ಅವನಿಗೆ ಹೇಳಿ, ವೆಲ್ಡಾ ಕೋಪ ಮಾಡ್ಕೊಂಡಿಲ್ಲ ಅಂತ, ಸಹಿ ಹಾಕಿದ್ದು ಅವನೊಬ್ಬನೇ ಅಲ್ಲ, ನಾನೂ..."