ಚಾಪೆಯೊಳಗೆ ಇಬ್ಬರು

...ಮತ್ತೆ ಮುಸಿಮುಸಿ ನಗ್ತಿದ್ದೀಯಾ ಲಗಿ? ಓ, ಅಳುವಾ? ಏನಾದರೂ ಮಾಡು, ಸದ್ದು ಮಾಡಬೇಡ. ಸತ್ತವನ ಮನೆ ಮುಂದೆ ತಲೆ ಮೇಲೆ ಚಾಪೆ ಹೊದ್ದು ಕೂತಿದ್ದೇವೆ. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ, ಅಲ್ಲಿವರೆಗೂ ಹೀಗೇ.

ಅಲ್ಲಾ, ನಿನ್ನನ್ನ ಹಿಂದೆ ಹೆಂಗಸರ ಜೊತೆ ಕೂರು ಅಂದಿದ್ದೆ. ಚಾಪೆಯೊಳಗೆ ಕೂರೋದು ತಪ್ಪು ಮಾಡಿದವರು. ಸಮೋವಾದ ಕೂಸಿಗೂ ಗೊತ್ತು ಇದು. ನೀನು ಬೆಕ್ಕಿನ ಹಾಗೆ ನುಸುಳಿಬಿಟ್ಟೆ. ಡಾಕ್ಟರಾದರೂ ಮಾವನ ಪಂಚೆ ತುದಿ ಬಿಡೋಲ್ಲ.

ಹೆದರಬೇಡ. ನಿನ್ನ ಮಾವ ಅಂದರೆ ಯಾರು? ಈ ದ್ವೀಪದ ಅರ್ಧ ಜನ ಭೂಮಿಗೆ ಬಂದಾಗ ಮೊದಲು ಕಂಡದ್ದು ನನ್ನ ಮೂತಿ. ಕಂಡಕೂಡಲೇ ಅತ್ತರು, ಅದೂ ನಿಜ. ತಿಮಿಂಗಿಲಕ್ಕೆ ಹಲ್ಲುನೋವು ಅಂದಾಗಲೂ ನನ್ನನ್ನೇ ಕರೆದದ್ದು... ಬಿಡು, ಅದನ್ನ ಕೇಳಿದ್ದೀಯಾ.

ಆಕ್ಲೆಂಡಿನ ನನ್ನ ವಕೀಲ ಫೋನಿನಲ್ಲಿ ಕೂಗಾಡಿದ. ಸೋಮವಾರ ವೈದ್ಯ ಮಂಡಳಿಯ ವಿಚಾರಣೆ, ಈಗ ಕ್ಷಮೆ ಕೇಳಿದರೆ ತಪ್ಪೊಪ್ಪಿಕೊಂಡ ಹಾಗೆ, ಲೈಸೆನ್ಸ್ ಹೋಗುತ್ತೆ ಅಂತ. ಹೋಗಲಿ. ಮುದುಕ ನಾನು, ಮೀನು ಹಿಡೀತೀನಿ. ಪೆನಿಸಿಲಿನ್ ತನಗೆ ಒಗ್ಗಲ್ಲ ಅಂತ ಐಸಾಯಾ ಸಾಯೋ ಮುಂಚೆ ಬಾಯಿಬಿಟ್ಟು ಹೇಳಿದ್ದ. ಆದರೂ ಚುಚ್ಚಿದ್ದು ನಾನು. ಅವನ ಮನೆಯವರು ಕೊಟ್ಟ ದೂರಿನಲ್ಲೂ ನನ್ನ ಹೆಸರೇ ಇದೆ.

ಯಾಕೆ ಹಾಗೆ ನೋಡ್ತೀಯಾ? ಆ ಸಂಜೆ ನಾನು ವಾರ್ಡಿನಲ್ಲಿದ್ದೆನೋ, ಬಂಡೆಸಾಲಿನ ಆಚೆ ದೋಣಿಯಲ್ಲಿದ್ದೆನೋ, ಯಾರಿಗೆ ಬೇಕು? ಮೀನುಗಳೇನು ಸಾಕ್ಷಿ ಹೇಳೋಕೆ ಬರಲ್ಲ.

ಶ್... ಐಸಾಯಾನ ಹೆಂಡತಿ ತಿಲೆಸಾ ಜಗಲಿ ಇಳೀತಿದ್ದಾಳೆ. ಪಾದ ಕಾಣ್ತಿದೆ ನೋಡು. ಯಾರು ಚುಚ್ಚಿದ್ದು ಅಂತ ಕೇಳ್ತಾಳೆ. ನಾನು ಅಂತೀನಿ. ನೀನು ಬಾಯಿ ಬಿಡಬಾರದು. ಹೂಂ ಅನ್ನು.

ಲಗಿ... ನಿನ್ನ ಕೆಲಸ ಈಗಷ್ಟೇ ಶುರುವಾಗಿದೆ ಮಗಳೇ. ಇಡೀ ವಾರ್ಡನ್ನ ನಿನ್ನೊಬ್ಬಳ ತಲೆಗೆ ಕಟ್ಟಿ ದೋಣಿ ಹತ್ತಿದ್ದು ನಾನು ತಾನೇ? ಹಾಗಾದರೆ ನಾನು ಹೇಳೋದರಲ್ಲಿ ಸುಳ್ಳೆಲ್ಲಿ ಬಂತು? ಹೂಂ ಅನ್ನು. ಚಿಕ್ಕವಳಿದ್ದಾಗ ಸುಮ್ಮನಿರು ಅಂದರೂ ವಟಗುಟ್ಟುತ್ತಿದ್ದೆ, ಈಗ ಒಂದು ಹೂಂಗೆ ಬಾಯಿಲ್ಲವಾ?

...ಹೂಂ ಅನ್ನಲ್ಲ ನೀನು.

ಸರಿ. ಹಾಗಾದರೆ ಈ ಕಡೆ ಜರುಗು, ನಿನ್ನ ಬೆನ್ನು ಹೊರಗಿದೆ. ನಿನ್ನ ಅಜ್ಜಿ ಹೆಣೆದ ಚಾಪೆ ಇದು. ಇಬ್ಬರಿಗೂ ಸಾಲುತ್ತೆ.