ಅಳೋ ಮುಖ ತಗೀರಿ

...ಮೊದಲ ಆ ಅಳೋ ಮುಖ ತಗೀರಿ. ಯಾಕಂದ್ರ? ಚಂದ ಕಾಣಂಗಿಲ್ಲ, ಅದಕ್ಕ. ರಕ್ತದಾಗ ಸಕ್ಕರಿ ಜಾಸ್ತಿ ಇದ್ರ ಅಂಕಿ ತೋರಸ್ರಿ, ಸಾಕು. ಫೋನು ಯಾಕ ಅಳಬೇಕು?

ಬರಕೋ ತಂಗಿ. ನೀನ ಅಂದಿ ಹೌದಿಲ್ಲೊ, "ಕಲ್ಯಾಣಪ್ಪ ಕಾಕಾ, ಸಕ್ಕರಿ ಬ್ಯಾನಿ ಇದ್ದವರನ್ನ ಕೇಳೇ ಈ ಆ್ಯಪ್ ಮಾಡತೇವಿ" ಅಂತ? ಕೇಳಾಕ ಅಂತ ಕಲಬುರಗಿಯಿಂದ ಚೌಡಾಪುರಕ್ಕ ಬಂದಿ. ಕೇಳು ಮತ್ತ.

ಮುಂಜಾನೆದ್ದ ಕೂಡಲೆ ನಿಮ್ಮ ಆ್ಯಪ್ "ಓಟ್ಸ್ ತಿಂದ್ರೇನು?" ಅಂತ ಕೇಳತದ. ತಗದು ರೊಟ್ಟಿ ಹಾಕು. ಎಷ್ಟು ರೊಟ್ಟಿ ಅಂತ ಕೇಳಬ್ಯಾಡ, ಎಷ್ಟು ದೊಡ್ಡ ರೊಟ್ಟಿ ಅಂತ ಕೇಳು. ನನ್ನ ದೋಸ್ತ ಜೇವರ್ಗಿ ಬುರಾನುದ್ದೀನನ ಮನ್ಯಾಗಿನ ಮೂರು ರೊಟ್ಟಿ ಕೂಡಿದ್ರ ನಮ್ಮನಿದು ಒಂದು.

ಯಾಕ ನಗತಿ? ಖರೆ ಹೇಳಾಕತ್ತೇನಿ.

ಏನು? ಸೂಜಿ ಚುಚ್ಚಿಕೊಳ್ಳಾಕ ಅಂಜಿಕಿ ಬರತದೇನಂತಾ? ನನಗ? ದನದ ದವಾಖಾನಿಯಾಗ ಜೀವಮಾನ ಪೂರಾ ನೌಕರಿ ಮಾಡೇನಿ. ಹೋರಿಗೆ ಚುಚ್ಚೇನಿ, ಒದಿಯೋ ಎಮ್ಮಿಗೆ ಚುಚ್ಚೇನಿ. ನಿಮ್ಮ ಗುಬ್ಬಿ ಸೂಜಿಗೆ ಅಂಜತೇನೇನು? ಅಫಜಲಪುರದ ಸಭಾದಾಗ ಶಾಲು ಹೊಚ್ಚಿದ್ರಿ, ಮರತ್ಯಾ? "ದಿನಾ ತಪ್ಪದ ರಕ್ತ ನೋಡಿಕೊಳ್ಳೋರು ಇವರೊಬ್ಬರ" ಅಂದ್ರಿ. ಡಾಕ್ಟರು ಫೋನ್ ನೋಡಿ ನನ್ನ ಗುಳಿಗಿ ಅರ್ಧ ಮಾಡಿದ್ರು. ವರ್ಷ ಪೂರಾ ನಗೋ ಮುಖ!

ಈಗ ದೀಪಾವಳಿಯಿಂದ ಅಳಾಕತ್ತದ. ನೀವು ಕೊಟ್ಟ ರಕ್ತ ನೋಡೋ ಮಷಿನ್ ಕೆಟ್ಟದ, ಮತ್ತೇನಿಲ್ಲ. ರಕ್ತ ಹಚ್ಚೋ ಪಟ್ಟಿ ಬದಲಿ ಮಾಡೇನಿ, ಸೆಲ್ ಬದಲಿ ಮಾಡೇನಿ... ಅಳೂದು ಅಳೂದ. ನನಗೇನಾಗ್ಯದ? ಗುಂಡಕಲ್ಲಿನಂಗ ಅದೇನಿ.

ಇನ್ನೊಂದು ಬರಕೋ. ಒಂದ ಫೋನಿನಾಗ ಇಬ್ಬರ ಹೆಸರಿಗೆ ಜಾಗ ಮಾಡ್ರಿ. ...ಯಾರದಂದ್ರ? ಯಾರದೂ ಇಲ್ಲ. ಮಂದಿಗೆ ಬೇಕಾಗತದ. ಮತ್ತ ಹೊಸದಾಗಿ ಬ್ಯಾನಿ ಬಂದವರಿಗೆ ಹೇಳಬೇಕು ಅದು. ರಾತ್ರಿ ನೀರಡಿಸತದ, ತಂಬಿಗಿ ಖಾಲಿ ಆಗತದ, ಅಂಗಾಲು ಉರೀತಾವ, ಅಂದ್ರ ಏನು? ಗುಳಿಗಿ ಯಾವಾಗ ಶುರು ಮಾಡಬೇಕು? ಅದನ್ನ ಹೇಳೂದು ಬಿಟ್ಟು ಸುಮ್ಮ ಮುಖ ಮಾಡಿ ಅತ್ರ?

ನನಗಲ್ಲ. ನನಗ ಯಾಕ ಉರೀತಾವ?

ಅದೇನು ಚೀಲದಾಗಿಂದು? ...ನಿನ್ನ ಮಷಿನಾ. ನಮ್ಮದು ಕೆಟ್ಟದೋ ಇಲ್ಲೋ ನೋಡಾಕ. ಹೂಂ. ಈಗ ಬ್ಯಾಡ, ಚಾ ಬರಾಕತ್ತದ. ಬ್ಯಾಡ ಅಂದ್ನೆಲ್ಲ... ಏ ತಂಗಿ, ಕೈ ಬಿಡು!

...ನೋಡು ಹಂಗಾರ. ಹತ್ತೂ ಬೆರಳು ನೋಡು. ಯಾಕ, ಸೂಜಿ ಗುರುತಿಲ್ಲದ ಬೆರಳು ಸಾಫ್ ಇರಬಾರದೇನು? ಎಣ್ಣಿ ಹಚ್ಚತೇನಿ.

ಗುರಮ್ಮಾ, ಚಾ ಅಲ್ಲಿಡು. ಕೈಯಾಗ ಕೊಡಬ್ಯಾಡ. ಇಡು ಅಂದ್ರ!... ನಡಿ ಒಳಗ.

ತಂಗಿ, ಕಪ್ಪು ತಗೋ. ಆರತದ. ನನ್ನ ಹೆಂಡ್ತಿ ಬೆರಳು ಯಾಕ ನೋಡಿದಿ? ಒಲಿ ಕೆಲಸ, ಕರ್ರಗ ಆಗ್ಯಾವ. ...ಒಲಿ ಕಿಡಿ ಸಿಡಿದ್ರ ಚುಕ್ಕಿ ಬೀಳತಾವ.

ಬೀಳಂಗಿಲ್ಲಾ?

ಏನರೆ ಅನ್ನು. ಬೈ ಬೇಕಾದ್ರ.

...ಒಂದ ತಾಟಿನಾಗ ಉಣ್ಣತೇವಿ. ರಕ್ತ ಬ್ಯಾರೆ ಬ್ಯಾರೆ ಇರತದೇನು ಅಂದಕೊಂಡೆ. ಆಕಿನೂ ಅಂದ್ಲು, "ನಿಮಗ ಆಗಂಗಿಲ್ಲ, ನನ್ನ ಬೆರಳು ತಗೋರಿ" ಅಂತ. ಹೋರಿಗೆ ಚುಚ್ಚೋದು ಬ್ಯಾರೆ, ತಂಗಿ.

ಆಕಿಗೆ ಅಂಕಿ ಓದಾಕ ಬರಂಗಿಲ್ಲ. ಮುಖ ತಿಳೀತದ. ದಿನಾ ಆ ಅಳೋ ಮುಖ ನೋಡತಾಳ, "ನಿಮಗ ಏನೋ ಆಗ್ಯದ" ಅಂತ ನನಗ ಸಪ್ಪನ ಪಲ್ಯ ಹಾಕತಾಳ. ನನಗ ಬ್ಯಾಡಂತ ತಗದಿಟ್ಟ ಹೋಳಿಗಿ... ಕೆಡಸಬಾರದಂತ ತಾನ ತಿಂತಾಳ.

...ಹೌದು. ನನ್ನದು ಎಷ್ಟದ? ಗೊತ್ತಿಲ್ಲ. ಶಾಲು ಅದ, ಒಯ್ಯಿ.

ಗುರಮ್ಮಾ! ಬಾ ಬೇ ಇಲ್ಲಿ. ಕುಂದರು. ಈ ತಂಗಿ ನಿನಗ ಏನೋ ಹೇಳತಾಳ. ...ಹೇಳಂಗಿಲ್ಲಾ? ನಾನ ಹೇಳಬೇಕಾ?

ಹೂಂ. ಗುರಮ್ಮಾ, ಆ ಮುಖ ಅಳೂದು ನನಗಲ್ಲ, ನಿನಗ. ತಂಗಿ, ಅಳೋ ಮುಖ ಇರಲಿ, ತಗೀಬ್ಯಾಡ. ಮ್ಯಾಲ ಆಕಿ ಹೆಸರು ಬರಿ, ಕೆಳಗ ನನ್ನದು. ತಗೋ ನನ್ನ ಬೆರಳು.

ತಡಿ, ತಡಿ! ...ಗುರಮ್ಮಾ, ಈ ಕೈ ಗಟ್ಟಿ ಹಿಡಕೋ.